ಮಾಸ್ಕ್ ಮನೆಮನೆಗೆ, ಗ್ಯಾಸ್ ಗುಡ್ಡದೊಳಗೆ

ಪ್ರಶ್ನೆ: ಎರಡನೇ ಮಹಾಯುದ್ಧದ ಫೋಟೊಗಳಲ್ಲಿ ಲಂಡನ್ನಿನ ಮಕ್ಕಳು ಗ್ಯಾಸ್ ಮಾಸ್ಕ್ ಹಾಕಿಕೊಂಡಿರುತ್ತಾರೆ. ಆದರೆ ಜರ್ಮನಿ ಅವರ ಮೇಲೆ ಗ್ಯಾಸ್ ಬಾಂಬ್ ಹಾಕಲೇ ಇಲ್ಲವಂತೆ. ಹಾಗಾದರೆ ಆ ತಯಾರಿ ಎಲ್ಲ ಸುಮ್ನೆ ದಂಡವಾಯಿತಾ? ಬ್ರಿಟನ್ ಹತ್ತಿರವೂ ವಿಷಾನಿಲ ಇತ್ತಾ?
– ಓದುಗರೊಬ್ಬರು, ಶಿರಸಿ

ಉತ್ತರ: ಎರಡನೇ ಪ್ರಶ್ನೆಗೆ ಮೊದಲು ಹೇಳಿಬಿಡುತ್ತೇನೆ. ಇತ್ತು. ಬಳಸುವ ಮನಸ್ಸೂ ಇತ್ತು.

1939ರಲ್ಲಿ ಯುದ್ಧ ಶುರುವಾಗುವ ಹೊತ್ತಿಗೆ ಬ್ರಿಟನ್ ಸುಮಾರು 3.8 ಕೋಟಿ ಮಾಸ್ಕ್ ಹಂಚಿತ್ತು. ಪುಟ್ಟ ಮಕ್ಕಳದ್ದು ಕೆಂಪು ರಬ್ಬರಿನದು. ಹೆದರದಿರಲಿ ಅಂತ ಅದಕ್ಕೆ ‘ಮಿಕ್ಕಿ ಮೌಸ್’ ಎಂದು ಹೆಸರು. ಹಸುಗೂಸನ್ನು ಸೊಂಟದವರೆಗೂ ಒಂದು ಚೀಲದೊಳಗೆ ಕೂಡಿಸಿ, ತಾಯಿ ಹೊರಗಿಂದ ತಿದಿ ಒತ್ತುತ್ತಲೇ ಇರಬೇಕು. ಕೈ ನಿಂತರೆ ಮಗುವಿಗೆ ಗಾಳಿ ಇಲ್ಲ. ಅಂಚೆ ಡಬ್ಬಗಳ ತಲೆಗೂ ಗ್ಯಾಸ್ ತಾಗಿದರೆ ಬಣ್ಣ ಬದಲಾಗುವ ಪೇಂಟ್ ಬಳಿದಿದ್ದರು.

ಇದು ಹೊರಗೆ ಕಾಣುತ್ತಿದ್ದ ತಯಾರಿ. ಕಾಣದ್ದು ವೇಲ್ಸ್‌ನ ರೈಡಿಮ್ವಿನ್ ಕಣಿವೆಯಲ್ಲಿತ್ತು. ಅಲ್ಲಿ ಗುಡ್ಡ ಕೊರೆದು, ಸುರಂಗದೊಳಗೆ ಮಸ್ಟರ್ಡ್ ಗ್ಯಾಸ್ ಇಟ್ಟಿದ್ದರು. ಗ್ಯಾಸ್ ಅನ್ನುವುದು ಹೆಸರಿಗಷ್ಟೇ, ಅದು ಎಣ್ಣೆಯಂಥ ದ್ರವ. ಬೆಳ್ಳುಳ್ಳಿಯ ವಾಸನೆ. ಮೈಗೆ ತಾಗಿದ ತಕ್ಷಣ ಗೊತ್ತಾಗುವುದಿಲ್ಲ. ಗಂಟೆಗಳಾದ ಮೇಲೆ ನೀರುಗುಳ್ಳೆ ಏಳುತ್ತದೆ, ಕಣ್ಣು ಮುಚ್ಚಿಹೋಗುತ್ತದೆ.

1925ರ ಜಿನೀವಾ ಒಪ್ಪಂದಕ್ಕೆ ಬ್ರಿಟನ್ನಿನ ಸಹಿಯೂ ಇತ್ತಲ್ಲ ಅನ್ನಬಹುದು ನೀವು. ಇತ್ತು. ಆದರೆ ಅದು ತಡೆದದ್ದು ಬಳಕೆಯನ್ನು, ತಯಾರಿಯನ್ನಲ್ಲ. ಜೊತೆಗೆ ‘ನಮ್ಮ ಮೇಲೆ ಹಾಕಿದರೆ ನಾವೂ ಹಾಕುತ್ತೇವೆ’ ಎಂಬ ಷರತ್ತನ್ನೂ ಬ್ರಿಟನ್ ಇಟ್ಟಿತ್ತು. 1940ರಲ್ಲಿ ಆ ಷರತ್ತನ್ನೂ ದಾಟಲು ಹೊರಟಿತ್ತು. ಜರ್ಮನ್ ಸೈನ್ಯ ಕಡಲತೀರಕ್ಕೆ ಇಳಿದರೆ ವಿಮಾನದಿಂದ ಮಸ್ಟರ್ಡ್ ಸಿಂಪಡಿಸುವುದು ಬ್ರಿಟನ್ ನೆಲದ ರಕ್ಷಣೆಯ ಹೊಣೆ ಹೊತ್ತಿದ್ದ ಜನರಲ್ ಅಲನ್ ಬ್ರೂಕ್ ಅವರ ಯೋಚನೆ. ಅಂದರೆ ಮೊದಲು ಹಾಕುವವರು ತಾವೇ! ಜರ್ಮನ್ನರು ಬರಲಿಲ್ಲ, ಬಚಾವಾಯಿತು.

1944ರ ಜುಲೈನಲ್ಲಿ ಚರ್ಚಿಲ್ ಮತ್ತೆ ಆ ಮಾತೆತ್ತಿದರು. ಜರ್ಮನಿಯ ಹಾರುವ ಬಾಂಬ್‌ಗಳು ಲಂಡನ್ ಮೇಲೆ ಬೀಳುತ್ತಿದ್ದ ಹೊತ್ತದು. ಜರ್ಮನಿಯ ಕಾರ್ಖಾನೆಗಳ ನಾಡಾದ ರೂರ್ ಪ್ರದೇಶದ ಊರುಗಳ ಮೇಲೆ ಗ್ಯಾಸ್ ಸುರಿದರೆ ಹೇಗೆ, ಲೆಕ್ಕ ಹಾಕಿ ಹೇಳಿ, ಇದರಲ್ಲಿ ನೀತಿಯ ಮಾತು ತರಬೇಡಿ ಎಂದು ಸೇನಾ ಮುಖ್ಯಸ್ಥರಿಗೆ ಟಿಪ್ಪಣಿ ಬರೆದರು. ಅವರು ಲೆಕ್ಕ ಹಾಕಿದರು. ಇದರಿಂದ ಯುದ್ಧ ಗೆಲ್ಲುವುದಿಲ್ಲ, ಜರ್ಮನಿ ತಿರುಗಿ ಲಂಡನ್ ಮೇಲೆ ಹಾಕುತ್ತದೆ ಎಂಬ ಉತ್ತರ ಬಂತು. ಪಾದ್ರಿಗಳನ್ನೂ ಸೈನಿಕರನ್ನೂ ಒಟ್ಟಿಗೆ ಎದುರು ಹಾಕಿಕೊಳ್ಳಲು ಆಗದು ಎಂದು ಗೊಣಗಿ ಚರ್ಚಿಲ್ ಸುಮ್ಮನಾದರು. ನನ್ನ ಪ್ರಕಾರ ಇಲ್ಲಿ ಕೆಲಸ ಮಾಡಿದ್ದು ಕರುಣೆಯಲ್ಲ, ಲೆಕ್ಕ. ಜರ್ಮನಿಯ ಕಡೆಯೂ ಅಷ್ಟೇ. ಮಿತ್ರರಾಷ್ಟ್ರಗಳ ಹತ್ತಿರ ಇಲ್ಲದ ಟಾಬುನ್ ಎಂಬ ನರವಿಷ ಅವರ ಬಳಿ ಸಾವಿರಾರು ಟನ್ ಇತ್ತು. ಎದುರಾಳಿಗಳ ಬಳಿಯೂ ಅದು ಇರಬಹುದು ಎಂಬ ಅನುಮಾನ ಅವರನ್ನು ಕಾಡುತ್ತಿತ್ತು.

ಇನ್ನು ದಂಡವಾಯಿತಾ ಎಂಬ ಪ್ರಶ್ನೆ. ಬಳಸದೆ ಇಟ್ಟ ಗ್ಯಾಸೂ ಜನರನ್ನು ಕೊಂದಿದೆ. 1943ರ ಡಿಸೆಂಬರ್ 2ರ ರಾತ್ರಿ ಇಟಲಿಯ ಬಾರಿ ಬಂದರಿನ ಮೇಲೆ ಜರ್ಮನ್ ವಿಮಾನಗಳು ದಾಳಿ ಮಾಡಿದವು. ಅಲ್ಲಿದ್ದ ‘ಜಾನ್ ಹಾರ್ವೆ’ ಎಂಬ ಅಮೆರಿಕದ ಹಡಗಿನಲ್ಲಿ ಸುಮಾರು 2,000 ಮಸ್ಟರ್ಡ್ ಬಾಂಬ್‌ಗಳಿದ್ದವು. ಜರ್ಮನಿ ಗ್ಯಾಸ್ ಶುರುಮಾಡಿದರೆ ಇರಲಿ ಅಂತ ಗುಟ್ಟಾಗಿ ತಂದವು. ಹಡಗು ಸಿಡಿಯಿತು, ವಿಷಯ ಗೊತ್ತಿದ್ದವರೂ ಅದರ ಜೊತೆಗೇ ಹೋದರು. ಸಮುದ್ರದಿಂದ ಎತ್ತಿದ ನಾವಿಕರನ್ನು ಎಣ್ಣೆ ಮೆತ್ತಿದ ಬಟ್ಟೆಯಲ್ಲೇ ಕಂಬಳಿ ಸುತ್ತಿ, ಬಿಸಿ ಚಹಾ ಕೊಟ್ಟು ಕೂರಿಸಿದರು. ಆ ಎಣ್ಣೆಯಲ್ಲೇ ಮಸ್ಟರ್ಡ್ ಬೆರೆತಿತ್ತು. ಬೆಳಗಾಗುವಷ್ಟರಲ್ಲಿ ಅವರಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. 600ಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು, 83 ಮಂದಿ ಸತ್ತರು. ಇದು ಆಸ್ಪತ್ರೆಯ ಲೆಕ್ಕ ಮಾತ್ರ, ಊರಿನವರದ್ದು ಇದರಲ್ಲಿಲ್ಲ. ಬ್ರಿಟನ್ನಿನ ದಾಖಲೆಗಳಲ್ಲಿ ‘ಶತ್ರು ದಾಳಿಯ ಸುಟ್ಟಗಾಯ’ ಎಂದೇ ಬರೆಸಲಾಯಿತು.

ನಮ್ಮವರೂ ಇದರಲ್ಲಿ ಸಿಕ್ಕಿಕೊಂಡಿದ್ದರು. ರಾವಲ್ಪಿಂಡಿಯಲ್ಲಿ 1930ರ ದಶಕದಿಂದಲೇ ಬ್ರಿಟಿಷ್ ವಿಜ್ಞಾನಿಗಳು ನೂರಾರು ಭಾರತೀಯ ಸೈನಿಕರ ಮೇಲೆ ಮಸ್ಟರ್ಡ್ ಪರೀಕ್ಷೆ ನಡೆಸಿದರು. ಬಿಳಿಯರ ಚರ್ಮಕ್ಕಿಂತ ಭಾರತೀಯರ ಚರ್ಮ ಜಾಸ್ತಿ ಸುಡುತ್ತದಾ ಅಂತ ನೋಡಲು! ಕೆಲವರನ್ನು ಚಡ್ಡಿ, ಹತ್ತಿ ಅಂಗಿಯಲ್ಲೇ ಗ್ಯಾಸ್ ಕೋಣೆಗೆ ಕಳಿಸಿದ್ದರು. ಈ ಕಡತಗಳು ಪತ್ರಿಕೆಗೆ ಬಂದದ್ದು 2007ರಲ್ಲಿ.