ಲಾನ್ ತೆಗೆದ ಮೇಲೆ ಏನು ಹಾಕೋಣ?

ಪ್ರಶ್ನೆ: ಮನೆ ಮುಂದೆ 20x15 ಅಡಿ ಲಾನ್ ಇದೆ. ಮೂಲೆಯ ಹೊಂಗೆ ಮರದ ಕೆಳಗೆ ಹುಲ್ಲು ಬರುವುದೇ ಇಲ್ಲ, ಉಳಿದದ್ದು ಬೇಸಿಗೆಗೆ ಒಣಗುತ್ತದೆ. ಬದಲಿಗೆ ಏನು ಹಾಕಬಹುದು? ನರ್ಸರಿಯವರು ವೆಡೇಲಿಯಾ ಹಾಕಿ ಅಂತಾರೆ.
– ಓದುಗರು, ಬನಶಂಕರಿ

ಉತ್ತರ: ವೆಡೇಲಿಯಾ ಬೇಡ. ಬೇಗ ಹಬ್ಬುತ್ತದೆ, ಹಳದಿ ಹೂವೂ ಚೆಂದ, ನಿಜ. ಆದರೆ ಗೆಣ್ಣುಗೆಣ್ಣಿಗೂ ಬೇರು ಬಿಟ್ಟು ಪಕ್ಕದ ಸೈಟಿಗೂ ಮೋರಿಗೂ ಇಳಿಯುತ್ತದೆ. ಕಿತ್ತೆಸೆದ ತುಂಡೂ ಚಿಗುರುತ್ತದೆ.

ಬಿಸಿಲು ಬೀಳುವ ಕಡೆಗೆ ಪಿಂಟೋ ಕಡಲೆ ಹಾಕಿ. ನರ್ಸರಿಯಲ್ಲಿ ‘ಅರಾಕಿಸ್’ ಅಂದರೂ ಕೊಡುತ್ತಾರೆ. ನಮ್ಮ ಕಡಲೆಕಾಯಿ ಗಿಡದ ದಾಯಾದಿಯೇ, ಆದರೆ ಬಸವನಗುಡಿ ಪರಿಷೆಗೆ ಒಯ್ಯುವಂಥ ಕಾಯಿ ನಿರೀಕ್ಷಿಸಬೇಡಿ.

ಇದು ಕೈಕೊಡುವುದು ಹೆಚ್ಚಾಗಿ ಕೊನ್ನಾರಿ ಗಡ್ಡೆ ಎಂಬ ಕಳೆಯಿಂದ. ಹಳೆ ಹುಲ್ಲನ್ನು ಬೇರುಸಹಿತ ಎತ್ತಿ, ಮೇ ತಿಂಗಳಲ್ಲಿ ನೆಲ ನೆನೆಸಿ, ಕೊನ್ನಾರಿ ಚಿಗುರಲು ಬಿಡಿ. ಚಿಗುರನ್ನು ಹಿಡಿದು ಎಳೆದರೆ ಗಡ್ಡೆ ಒಳಗೇ ಉಳಿಯುತ್ತದೆ. ಗುದ್ದಲಿಯಿಂದ ಅಗೆದೇ ತೆಗೆಯಬೇಕು. ಎರಡು ಮೂರು ವಾರ ಬಿಟ್ಟು ಮತ್ತೊಮ್ಮೆ. ಆಮೇಲೆ 10 ಚದರಡಿಗೆ ಒಂದು ಬಾಂಡ್ಲಿ ಕಾಂಪೋಸ್ಟ್ ಬೆರೆಸಿ.

ಜೂನ್ ಕೊನೆಗೆ, ಮಳೆ ಹಿಡಿದ ಮೇಲೆ, ಅರ್ಧ ಅಡಿಯ ಕಡ್ಡಿಗಳನ್ನು ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ 8 ಇಂಚಿಗೊಂದರಂತೆ ಊರಿ. ಇಡೀ 300 ಚದರಡಿಗೆ ಲೆಕ್ಕ ಹಾಕಿದರೆ 675 ಕಡ್ಡಿ. ಮರದಡಿ ಬಿಟ್ಟರೆ ಅಷ್ಟು ಬೇಕಾಗದು. ಮಳೆ ಕೈಕೊಟ್ಟರೆ ಮೊದಲ ಮೂರು ವಾರ ದಿನವೂ ನೀರು ಕೊಡಿ. ಮೂರನೇ ವಾರಕ್ಕೊಮ್ಮೆ, ಆರನೇ ವಾರಕ್ಕೊಮ್ಮೆ ಕಳೆ ಕೀಳಿ. ಮೂರು ನಾಲ್ಕು ತಿಂಗಳಲ್ಲಿ ನೆಲ ಮುಚ್ಚುತ್ತದೆ. ಯೂರಿಯಾ ಹಾಕಬೇಡಿ: ಸಾರಜನಕವನ್ನು ಬೇರಿನ ಗಂಟುಗಳೇ ಕಟ್ಟಿಕೊಳ್ಳುತ್ತವೆ, ಯೂರಿಯಾ ತಿನ್ನುವುದು ಕಳೆ.

ರಾತ್ರಿ ಎಲೆ ಮಡಚುವುದು ಅದರ ಸ್ವಭಾವ, ಗಾಬರಿ ಬೇಡ. ಬಿಸಿಲೇರಿದ ಮೇಲೂ ಬೆಳಿಗ್ಗೆ ಎಂಟು ಗಂಟೆಗೆ ಮಡಚಿಕೊಂಡೇ ಇದ್ದರೆ ನೀರು ಬೇಕು ಎಂದರ್ಥ. ಎಲೆಯ ಮೇಲೆ ಸೂಜಿಮೊನೆಯಂಥ ಬಿಳಿ ಚುಕ್ಕೆ ಕಂಡರೆ ತಿರುಗಿಸಿ ನೋಡಿ. ಕೆಂಪು ನುಸಿ ಇರುತ್ತದೆ. ಅಡಿಭಾಗಕ್ಕೆ ಜೋರಾಗಿ ನೀರು ಹಾಯಿಸಿದರೆ ಬಹುಪಾಲು ತೊಳೆದುಹೋಗುತ್ತದೆ. ಆಗೀಗ ಕಾಲಿಟ್ಟರೆ ತಡೆಯುತ್ತದೆ, ದಿನನಿತ್ಯ ಓಡಾಡುವ ದಾರಿಗೆ ಚಪ್ಪಡಿ ಹಾಸಿ. ಮಕ್ಕಳು ಕ್ರಿಕೆಟ್ ಆಡುವ ಜಾಗವಾದರೆ ಹುಲ್ಲನ್ನೇ ಇಟ್ಟುಕೊಳ್ಳಿ.

ಹೊಂಗೆಯ ಕೆಳಗೆ ಅಗೆಯಬೇಡಿ, ಬೇರು ಕತ್ತರಿಸುತ್ತೀರಿ. ಬೇರುಗಳ ಸಂದಿಯಲ್ಲಿ ಮೊಂಡೋ ಗ್ರಾಸ್ (ಹುಲ್ಲಿನಂತೆ ಕಾಣುವ, ನೆರಳಲ್ಲೂ ಬರುವ ಗಿಡ) ಬುಡಗಳನ್ನು ಅರ್ಧ ಅಡಿಗೊಂದರಂತೆ ನೆಡಿ. ನಿಧಾನದ ಗಿಡ, ವರ್ಷಕ್ಕೂ ಮೇಲೆ ಬೇಕು. ಉದುರಿದ ಎಲೆ ದಪ್ಪಗೆ ಕೂತರೆ ಕೊಳೆಯುತ್ತದೆ, ಗುಡಿಸುತ್ತಿರಿ.

ನಲ್ಲಿ ಹತ್ತಿರ ತೇವವಿದ್ದರೆ ಒಂದೆಲಗ ಹಬ್ಬಿಸಿ, ತಂಬುಳಿಗೂ ಆಯಿತು. ಆದರೆ ಬಟ್ಟೆ ಒಗೆದ ನೀರು ಬಿಡುವ ಜಾಗದ್ದನ್ನು ತಿನ್ನಬೇಡಿ.

ಇನ್ನು ನೀರು. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕೈತೋಟಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದಿತ್ತು. ತರಕಾರಿ, ಅಕ್ಕಿ ತೊಳೆದ ನೀರು ಧಾರಾಳವಾಗಿ ಹಾಕಿ. ಆರ್‌ಒ ಯಂತ್ರದ ತ್ಯಾಜ್ಯ ನೀರನ್ನೇ ದಿನವೂ ಸುರಿದರೆ ಉಪ್ಪು ಕೂತು ಎಲೆಯಂಚು ಸುಡುತ್ತದೆ.