ಕಾರಿನ ಎಸಿ: ಕಂಪ್ರೆಸರ್ ಬದಲಿಸುವ ಮುನ್ನ

ಪ್ರಶ್ನೆ: ನಮ್ಮ ಮನೆ ಕಾರವಾರದ ಕೋಡಿಬಾಗದಲ್ಲಿದೆ. ಒಂಬತ್ತು ವರ್ಷ ಹಳೆಯ ನಮ್ಮ ಪೆಟ್ರೋಲ್ ಕಾರಿನಲ್ಲಿ ಎಸಿ ಹಾಕಿದರೆ ಬರೀ ಗಾಳಿ ಬರುತ್ತದೆಯೇ ಹೊರತು ತಂಪಾಗುವುದಿಲ್ಲ. ಗ್ಯಾರೇಜಿನವರು ಬಾನೆಟ್ ಎತ್ತಿ ನೋಡಿ, ಕಂಪ್ರೆಸರ್ ಹೋಗಿದೆ ಎಂದರು. ಬ್ಯಾಟರಿ, ಬ್ರೇಕ್ ಪ್ಯಾಡ್‌ಗಳನ್ನು ನಾನೇ ಬದಲಿಸಿಕೊಳ್ಳುತ್ತೇನೆ. ಕಂಪ್ರೆಸರನ್ನೂ ಮನೆಯಲ್ಲಿಯೇ ಬದಲಿಸಬಹುದೆ?
– ಓದುಗರು, ಕಾರವಾರ

ಉತ್ತರ: ಬಿಚ್ಚುವ ಮತ್ತು ಕೂರಿಸುವ ಕೆಲಸವನ್ನು ನೀವು ಮಾಡಬಹುದು, ಗ್ಯಾಸ್ ತೆಗೆಯುವ ಮತ್ತು ತುಂಬುವ ಕೆಲಸವನ್ನು ಮಾತ್ರ ಯಂತ್ರವಿರುವ ಎಸಿ ವರ್ಕ್‌ಶಾಪಿಗೇ ಬಿಡಬೇಕು. ಆದರೆ ಅದಕ್ಕೂ ಮೊದಲು ಕಂಪ್ರೆಸರ್ (ಎಸಿಯ ಗ್ಯಾಸನ್ನು ಒತ್ತಿ ಸುತ್ತಿಸುವ ಪಂಪು) ನಿಜವಾಗಿಯೂ ಕೆಟ್ಟಿದೆಯೆ ಎಂದು ನೋಡಿಕೊಳ್ಳಿ. ತಂಪು ಬಾರದ ಕಾರಿನಲ್ಲಿ ತಪ್ಪು ಬೇರೆ ಕಡೆ ಇದ್ದು, ಕಂಪ್ರೆಸರಿಗೆ ದುಡ್ಡು ಸುರಿದವರನ್ನು ನಾನು ಕಂಡಿದ್ದೇನೆ.

ಎಂಜಿನ್ ಚಾಲೂ ಮಾಡಿ, ಎಸಿ ಹಾಕಿ, ಬೆಲ್ಟಿನಿಂದ ಕೈ ಮತ್ತು ಬಟ್ಟೆಯನ್ನು ದೂರವಿಟ್ಟುಕೊಂಡು ಕಂಪ್ರೆಸರಿನ ಮುಂಭಾಗವನ್ನು ಗಮನಿಸಿ. ಪುಲ್ಲಿ ಸದಾ ತಿರುಗುತ್ತಿರುತ್ತದೆ; ಅದರ ಮುಂದಿರುವ ಕ್ಲಚ್ ತಟ್ಟೆ ಮಾತ್ರ ಎಸಿ ಹಾಕಿದಾಗ ‘ಟಕ್’ ಎಂದು ಅಂಟಿಕೊಂಡು ತಿರುಗಬೇಕು. (ಕೆಲವು ಕಾರುಗಳಲ್ಲಿ ಈ ಕ್ಲಚ್ಚೇ ಇರುವುದಿಲ್ಲ, ಅವಕ್ಕೆ ಈ ಪರೀಕ್ಷೆ ಹೊಂದುವುದಿಲ್ಲ.) ತಟ್ಟೆ ತಿರುಗದಿದ್ದರೆ ಫ್ಯೂಸ್ ಮತ್ತು ರಿಲೇ ನೋಡಿ, ಬಳಿಕ ಕ್ಲಚ್ಚಿನ ಕನೆಕ್ಟರಿಗೆ ಮಲ್ಟಿಮೀಟರ್ ಹಿಡಿಯಿರಿ. ಅಲ್ಲಿಗೆ 12 ವೋಲ್ಟ್ ಬರುತ್ತಿದ್ದೂ ತಟ್ಟೆ ಅಂಟದಿದ್ದರೆ, ಎಂಜಿನ್ ನಿಲ್ಲಿಸಿ, ತಟ್ಟೆಯನ್ನು ಸೆಳೆಯುವ ವಿದ್ಯುತ್ ಕಾಯಿಲ್ ಅಳೆಯಿರಿ: ಸಾಮಾನ್ಯವಾಗಿ 3ರಿಂದ 5 ಓಮ್ ತೋರಿಸುತ್ತದೆ. ಏನೂ ತೋರಿಸದಿದ್ದರೆ ಸುಟ್ಟಿರುವುದು ಕಾಯಿಲ್ ಮಾತ್ರ, ಅದನ್ನಷ್ಟೇ ಬದಲಿಸಿದರೆ ಸಾಕಾಗಬಹುದು. ವೋಲ್ಟೇ ಬಾರದಿದ್ದರೆ ಗ್ಯಾಸ್ ಸೋರಿಹೋಗಿರುವ ಅನುಮಾನ ಹೆಚ್ಚು, ಏಕೆಂದರೆ ಒತ್ತಡ ಕಡಿಮೆಯಾದಾಗ ಪ್ರೆಶರ್ ಸ್ವಿಚ್ ಕ್ಲಚ್ಚನ್ನು ತಡೆಹಿಡಿಯುತ್ತದೆ.

ಕಡಲಂಚಿನ ನಿಮ್ಮ ಊರಿನಲ್ಲಿ ಇನ್ನೂ ಎರಡು ಜಾಗ ನೋಡಲೇಬೇಕು. ಉಪ್ಪುಗಾಳಿಗೆ ಕನೆಕ್ಟರಿನ ಪಿನ್ನುಗಳು ಹಸಿರು ಕಿಲುಬು ಹಿಡಿಯುತ್ತವೆ. ಗ್ಯಾಸಿನ ಬಿಸಿಯನ್ನು ಹೊರಹಾಕುವ ಕಂಡೆನ್ಸರಿನ ಅಲ್ಯೂಮಿನಿಯಂ ರೆಕ್ಕೆಗಳು ಬೆರಳು ತಾಗಿದರೆ ಬಿಳಿ ಪುಡಿಯಾಗಿ ಉದುರುತ್ತವೆ. ಅಲ್ಲಿ ಎಣ್ಣೆ ಜಿನುಗಿ ಧೂಳು ಅಂಟಿದ ಕಪ್ಪು ಕಲೆ ಕಂಡರೆ, ಸೋರುತ್ತಿರುವುದು ಅದೇ ಜಾಗ. ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುವುದೇ ನೋಡಿ.

ಕಂಪ್ರೆಸರ್ ಕೆಟ್ಟಿದೆ ಎನ್ನಲು ಖಚಿತ ಗುರುತುಗಳಿವೆ. ಎಂಜಿನ್ ನಿಂತಿರುವಾಗ ಕ್ಲಚ್ ತಟ್ಟೆಯನ್ನು ಕೈಯಿಂದ ತಿರುಗಿಸಲು ಆಗದಿದ್ದರೆ, ಎಸಿ ಹಾಕಿದ ಕೂಡಲೆ ಬೆಲ್ಟ್ ಕಿರುಗುಟ್ಟಿ ಸುಟ್ಟ ರಬ್ಬರಿನ ವಾಸನೆ ಬಂದರೆ, ಅದು ಜಾಮ್ ಆಗಿದೆ. ಆರ್-134ಎ ಗ್ಯಾಸಿನ ಕಾರಿನಲ್ಲಿ ಬಿಸಿಲಿನ ದಿನ ಎಸಿ ಹಾಕಿ ಒತ್ತಡದ ಗೇಜುಗಳನ್ನು ಜೋಡಿಸಿ ನೋಡಿದರೆ ಕಡಿಮೆ ಒತ್ತಡದ ಬದಿ ಸುಮಾರು 30–45 ಪಿಎಸ್‌ಐ, ಹೆಚ್ಚಿನ ಬದಿ 200–250 ಪಿಎಸ್‌ಐ ಇರುತ್ತದೆ. ಗ್ಯಾಸ್ ಸರಿಯಾಗಿದ್ದು, ಕ್ಲಚ್ ತಿರುಗುತ್ತಿದ್ದೂ ಎರಡು ಗೇಜುಗಳ ಮುಳ್ಳುಗಳು ಹತ್ತಿರಹತ್ತಿರವೇ ನಿಂತಿದ್ದರೆ ಒಳಗಿನ ಪಂಪು ಸವೆದಿದೆ.

ಬದಲಿಸುವುದೇ ಆದರೆ, ಮೊದಲು ವರ್ಕ್‌ಶಾಪಿನಲ್ಲಿ ಯಂತ್ರದ ಮೂಲಕ ಗ್ಯಾಸ್ ತೆಗೆಸಿಕೊಂಡು ಬನ್ನಿ. ಪೈಪ್ ಸಡಿಲಿಸಿ ಹೊರಗೆ ಬಿಡಬೇಡಿ. ಈ ಗ್ಯಾಸ್ ಮೈನಸ್ 26 ಡಿಗ್ರಿಯಲ್ಲಿ ಕುದಿಯುವುದರಿಂದ ಚರ್ಮಕ್ಕೂ ಕಣ್ಣಿಗೂ ಅಪಾಯ, ವಾತಾವರಣವನ್ನು ಬಿಸಿಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಪಟ್ಟಿಗೂ ಮಿಗಿಲು. ಮನೆಯಲ್ಲಿ ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಬೆಲ್ಟ್ ಸಡಿಲಿಸಿ, ಎರಡು ಪೈಪುಗಳನ್ನು ಬಿಚ್ಚಿದ ಕ್ಷಣವೇ ಅವುಗಳ ಬಾಯಿಗೆ ಪ್ಲಾಸ್ಟಿಕ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ತೇವವೇ ಎಸಿಯ ಶತ್ರು, ಆದ್ದರಿಂದ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದು ಒಳ್ಳೆಯದು.

ಹಳೆಯ ಕಂಪ್ರೆಸರಿನ ಎಣ್ಣೆಯನ್ನು ಅಳತೆಯ ಲೋಟಕ್ಕೆ ಬಗ್ಗಿಸಿ, ಬೆಳಕಿಗೆ ಹಿಡಿದು ನೋಡಿ. ತಿಳಿಯಾಗಿದ್ದರೆ ನೆಮ್ಮದಿ. ಕಪ್ಪಾಗಿದ್ದು ಬೆಳ್ಳಿಯಂತೆ ಮಿನುಗುವ ಕಣಗಳಿದ್ದರೆ, ಸವೆದ ಲೋಹ ವ್ಯವಸ್ಥೆಯ ತುಂಬ ಹರಡಿದೆ ಎಂದರ್ಥ. ಈಗಿನ ಕಂಡೆನ್ಸರುಗಳ ಸಣ್ಣ ನಾಳಗಳನ್ನು ತೊಳೆದು ಶುದ್ಧಮಾಡಲಾಗದು. ಕಂಡೆನ್ಸರ್ ಮತ್ತು ಎಕ್ಸ್‌ಪ್ಯಾನ್ಶನ್ ವಾಲ್ವ್ (ಗ್ಯಾಸಿನ ಒತ್ತಡ ಇಳಿಸುವ ಸಣ್ಣ ಕವಾಟ) ಬದಲಿಸದೆ ಹೊಸ ಕಂಪ್ರೆಸರ್ ಕೂರಿಸಿದರೆ ಅದೂ ಬೇಗನೆ ಹಾಳಾಗುತ್ತದೆ. ತೇವ ಹೀರಿಕೊಳ್ಳುವ ಡ್ರೈಯರನ್ನು ಮಾತ್ರ ಯಾವ ಸಂದರ್ಭದಲ್ಲಿಯೂ ಹೊಸದೇ ಹಾಕಬೇಕು. ಎಣ್ಣೆಯ ಜಾತಿ ಮತ್ತು ಪ್ರಮಾಣ ತಯಾರಕರು ಹೇಳಿದಂತೆಯೇ ಇರಲಿ. ಓ-ರಿಂಗ್‌ಗಳನ್ನು ಅದೇ ಎಣ್ಣೆಯಲ್ಲಿ ಅದ್ದಿ ಕೂರಿಸಿ, ಬೆಲ್ಟ್ ಹಾಕುವ ಮೊದಲು ಕ್ಲಚ್ ತಟ್ಟೆಯನ್ನು ಕೈಯಿಂದ ಹತ್ತು ಸುತ್ತು ತಿರುಗಿಸಿ.

ಆಮೇಲೆ ವರ್ಕ್‌ಶಾಪಿನಲ್ಲಿ ಕನಿಷ್ಠ ಅರ್ಧ ಗಂಟೆ ವ್ಯಾಕ್ಯೂಮ್ ಹಿಡಿಸಿ, ಪಂಪು ನಿಲ್ಲಿಸಿದ ಮೇಲೂ ಮುಳ್ಳು ಅಲುಗುವುದಿಲ್ಲವೆಂದು ಎದುರಿಗೇ ನಿಂತು ನೋಡಿ. ಗ್ಯಾಸನ್ನು ಬಾನೆಟ್ಟಿನ ಕೆಳಗಿನ ಚೀಟಿಯಲ್ಲಿರುವಷ್ಟೇ ಗ್ರಾಂ ತೂಗಿ ತುಂಬಿಸಬೇಕು. ಹೈಬ್ರಿಡ್ ಅಥವಾ ಎಲೆಕ್ಟ್ರಿಕ್ ಕಾರುಗಳ ಮಾತು ಬೇರೆ: ಅವುಗಳ ಕಂಪ್ರೆಸರಿಗೆ ಕಿತ್ತಳೆ ಬಣ್ಣದ ತಂತಿಯಲ್ಲಿ ಪ್ರಾಣಕ್ಕೆ ಎರವಾಗುವಷ್ಟು ವಿದ್ಯುತ್ ಬರುತ್ತದೆ, ಅವನ್ನು ಮನೆಯಲ್ಲಿ ಮುಟ್ಟಲೇಬಾರದು.

ಪ್ರಶ್ನೆ: ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಊರಿಗೆ ಬರುವಾಗ ನಮ್ಮ ಕಾರಿನ ಎಸಿ ನಿಂತುಹೋಗುತ್ತದೆ. ಅರ್ಧ ಗಂಟೆ ಕಾರು ನಿಲ್ಲಿಸಿದರೆ ಮತ್ತೆ ತಂಪು ಬರುತ್ತದೆ. ಇದೂ ಕಂಪ್ರೆಸರಿನ ತೊಂದರೆಯೆ?
– ಓದುಗರು, ಶಿರಸಿ

ಉತ್ತರ: ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಕೆಲವು ಕ್ಷಣ ಎಸಿ ನಿಲ್ಲುವುದು ಅನೇಕ ಕಾರುಗಳಲ್ಲಿ ಸಹಜ. ಎಂಜಿನ್ ತೀರ ಬಿಸಿಯಾದರೂ ಕಾರೇ ಎಸಿಯನ್ನು ನಿಲ್ಲಿಸುತ್ತದೆ; ಟೆಂಪರೇಚರ್ ಮುಳ್ಳು ಏರುತ್ತಿದ್ದರೆ ಕೂಲೆಂಟ್ ಮತ್ತು ರೇಡಿಯೇಟರ್ ಫ್ಯಾನ್ ನೋಡಿಸಿ. ಮುಳ್ಳು ಏರದಿದ್ದರೂ ಕಾರು ತಣಿದ ಮೇಲೆಯೇ ಎಸಿ ಬರುವುದಾದರೆ, ಕ್ಲಚ್ ಸವೆದು ತಟ್ಟೆಗೂ ಪುಲ್ಲಿಗೂ ನಡುವಿನ ಅಂತರ ಹೆಚ್ಚಿರಬಹುದು. ಬಿಸಿಯಾದ ಕಾಯಿಲ್ಲಿನ ಸೆಳೆತ ಕುಗ್ಗುವುದರಿಂದ ಅದು ತಟ್ಟೆಯನ್ನು ಎಳೆದುಕೊಳ್ಳಲಾರದು. ಈ ಅಂತರ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಆಸುಪಾಸಿನಲ್ಲಿರಬೇಕು. ಹೆಚ್ಚಿದ್ದರೆ, ತಟ್ಟೆಯ ಹಿಂದಿನ ತೆಳು ವಾಷರುಗಳಲ್ಲಿ ಒಂದನ್ನು ತೆಗೆದು ಸರಿಪಡಿಸಬಹುದು. ಅದಕ್ಕೆ ಗ್ಯಾಸ್ ಬಿಚ್ಚುವ ಅಗತ್ಯವೇ ಇಲ್ಲ.