ಸಂಪಾದಕರ ಉತ್ತರ: ಒಂದೇ ಸೇರಿನ ಅಳತೆ

ಮಾನ್ಯರೇ,

‘ಡ್ರ್ಯಾಗನ್ ಬಾಲ್’ ಎಂಬ ಜಪಾನಿ ಚಿತ್ರಕತೆಯ ಕರ್ತೃ ಅಕಿರಾ ತೊರಿಯಾಮಾ ಅವರನ್ನು ಕುರಿತು ಹಿಂದಿನ ಸಂಚಿಕೆಯಲ್ಲಿ ಪ್ರಕಟವಾದ ಲೇಖನವನ್ನು ಓದಿ ದಾವಣಗೆರೆಯಿಂದ ತಾವು ಬರೆದ ನಾಲ್ಕು ಪುಟಗಳ ಪತ್ರ ಕೈಸೇರಿದೆ. ಪೂರ್ತಿ ಅಚ್ಚು ಹಾಕಲು ಸ್ಥಳವಿಲ್ಲದ ಕಾರಣ, ಇತರ ಓದುಗರಿಗಾಗಿ ಅದರ ಸಾರವನ್ನಷ್ಟೇ ಇಲ್ಲಿ ಹೇಳುತ್ತೇನೆ. ‘ಡ್ರ್ಯಾಗನ್ ಬಾಲ್’ ಎಂದರೆ ನಾಯಕ ಗೋಕು ಮತ್ತು ಅವನ ಎದುರಾಳಿ ವೆಜಿಟಾ ಇಬ್ಬರೇ ಎಂಬಂತೆ ನಮ್ಮ ಲೇಖನವಿತ್ತು, ಗೋಕುವಿನ ಗೆಳೆಯರಾದ ಕ್ರಿಲಿನ್, ಯಾಮ್ಚಾ, ಟೆನ್‌ಷಿನ್‌ಹಾನ್ ಇವರ ಹೆಸರು ಒಮ್ಮೆಯೂ ಬರಲಿಲ್ಲ ಎಂಬುದು ತಮ್ಮ ಮೊದಲ ಆಕ್ಷೇಪ. ಶಕ್ತಿಯ ಅಂಕಿಗಳು ಏರುತ್ತ ಹೋದಂತೆ ಕತೆಗಾರರು ತಾವೇ ಪ್ರೀತಿಯಿಂದ ಸಾಕಿದ ಪಾತ್ರಗಳನ್ನು ಅಂಗಳದ ಅಂಚಿಗೆ ತಳ್ಳಿ ಚಪ್ಪಾಳೆ ತಟ್ಟಲು ನಿಲ್ಲಿಸಿದರು, ಇದು ಸೋಮಾರಿತನವಲ್ಲದೆ ಮತ್ತೇನು ಎಂಬುದು ಎರಡನೆಯದು. ಕೊನೆಯಲ್ಲಿ, ಬಾಲ್ಯದಲ್ಲಿ ತಮಗೆ ಅಚ್ಚುಮೆಚ್ಚಿನವನಾಗಿದ್ದ ಯಾಮ್ಚಾನಿಗೆ ನ್ಯಾಯ ಸಿಗಲೇ ಇಲ್ಲವೇ ಎಂದು ಕೇಳಿದ್ದೀರಿ.

ಮೊದಲ ಆಕ್ಷೇಪವನ್ನು ಒಪ್ಪುತ್ತೇನೆ. ಆ ಲೇಖನವನ್ನು ತಿದ್ದಿ ಅಚ್ಚಿಗೆ ಕಳಿಸಿದವನು ನಾನೇ. ಕ್ರಿಲಿನ್ ಕುರಿತ ಒಂದು ಪ್ಯಾರಾವನ್ನು ಪುಟ ಹೊಂದಿಸುವ ಅವಸರದಲ್ಲಿ ಕತ್ತರಿಸಿದವನೂ ನಾನೇ. ಹಿಂದೆ ಬಿದ್ದವರನ್ನು ಇನ್ನೊಮ್ಮೆ ಹಿಂದೆ ಬಿಡುವುದು ಎಷ್ಟು ಸುಲಭವೆಂಬುದು ತಮ್ಮ ಪತ್ರ ಓದಿದ ಮೇಲೆಯೇ ನನಗೆ ಹೊಳೆದದ್ದು. ಎರಡನೆಯ ಆಕ್ಷೇಪವನ್ನು ಮಾತ್ರ ಅರ್ಧ ಒಪ್ಪಿ ಅರ್ಧ ಒಪ್ಪದೆ ಉಳಿಯಬೇಕಾಗಿದೆ, ಈ ಉತ್ತರ ಉದ್ದವಾಗುತ್ತಿರುವುದು ಅದಕ್ಕಾಗಿಯೇ.

ಕತೆ ಎಲ್ಲಿಂದ ಹೊರಟಿತೆಂಬುದನ್ನು ನೆನಪಿಗೆ ತಂದುಕೊಳ್ಳೋಣ. 1984ರ ಕೊನೆಯಲ್ಲಿ ಜಪಾನಿನ ‘ಶೋನೆನ್ ಜಂಪ್’ ವಾರಪತ್ರಿಕೆಯಲ್ಲಿ ಆರಂಭವಾಗಿ 1995ರವರೆಗೆ 519 ಕಂತುಗಳಲ್ಲಿ ಬಂದ ಈ ಕತೆಗೆ ಚೀನಾದ ಹಳೆಯ ‘ಪಶ್ಚಿಮ ಯಾತ್ರೆ’ಯೇ ಮೂಲ. ಅಲ್ಲಿನ ವಾನರವೀರ ಸುನ್ ವುಕಾಂಗನ ಹೆಸರನ್ನು ಜಪಾನೀಯರು ಓದುವ ಬಗೆಯೇ ಸೊನ್ ಗೋಕು. ಯಾತ್ರೆಯ ಕತೆಯಲ್ಲಿ ಬಲಹೀನನಿಗೂ ಒಂದು ಕೆಲಸವಿರುತ್ತದೆ. ಆ ಹಳೆಯ ಕತೆಯಲ್ಲಿ ಸನ್ಯಾಸಿಗೆ ಒಂದು ಏಟು ಹೊಡೆಯಲೂ ಬಾರದು, ಆದರೆ ಅವನಿಲ್ಲದೆ ಯಾತ್ರೆಯೇ ಇಲ್ಲ. ‘ಡ್ರ್ಯಾಗನ್ ಬಾಲ್’ನ ಮೊದಲ ಭಾಗದಲ್ಲೂ ಹಾಗೆಯೇ: ಒಟ್ಟುಗೂಡಿಸಿದರೆ ವರ ಕೊಡುವ ಡ್ರ್ಯಾಗನ್ ಅನ್ನು ಕರೆಸುವ ಏಳು ಗೋಲಿಗಳನ್ನು ಹುಡುಕಲು ಬುಲ್ಮಾ ಎಂಬ ಜಾಣ ಹುಡುಗಿ ಮಾಡಿದ ರೇಡಾರ್ ಬೇಕು, ವೇಷ ಬದಲಿಸುವ ಹಂದಿ ಊಲಾಂಗ್ ಬೇಕು, ಮರುಭೂಮಿಯಲ್ಲಿ ದಾರಿಗಡ್ಡಲಾಗಿ ನಿಲ್ಲಲು, ಹೆಂಗಸರನ್ನು ಕಂಡರೆ ಕೈಕಾಲು ನಡುಗುವ, ಕಳ್ಳ ಯಾಮ್ಚಾ ಬೇಕು. ಅಲ್ಲಿ ಯಾರ ಬಲ ಎಷ್ಟೆಂದು ಯಾರೂ ಲೆಕ್ಕ ಹಾಕುತ್ತಿರಲಿಲ್ಲ.

ಆಮೇಲೆ ಕುಸ್ತಿಯ ಅಖಾಡ ಬಂತು. ‘ಜಂಪ್’ ಪತ್ರಿಕೆಯಲ್ಲಿ ಓದುಗರು ಅಂಚೆ ಕಾರ್ಡಿನಲ್ಲಿ ತಮಗೆ ಮೆಚ್ಚಿಗೆಯಾದ ಕತೆಗಳನ್ನು ಗುರುತಿಸಿ ಕಳಿಸುತ್ತಾರೆ. ಹಿಂದೆ ಬಿದ್ದ ಕತೆಯನ್ನು ಸಂಪಾದಕರು ಹೆಚ್ಚು ದಿನ ನಡೆಯಗೊಡುವುದಿಲ್ಲ. ಆರಂಭದ ಯಾತ್ರೆಯ ಭಾಗಕ್ಕೆ ಎಣಿಸಿದಷ್ಟು ಜನಪ್ರಿಯತೆ ಸಿಗದಿದ್ದಾಗ ತೊರಿಯಾಮಾ ಮತ್ತು ಅವರ ಸಂಪಾದಕ ಕಾಜುಹಿಕೊ ತೊರಿಶಿಮಾ ಕತೆಯನ್ನು ಪಂದ್ಯದ ಕಡೆಗೆ ತಿರುಗಿಸಿದರು, ಓದುಗರು ಮುಗಿಬಿದ್ದರು. ನಮ್ಮ ವಾರಪತ್ರಿಕೆಗಳಲ್ಲಿ ಧಾರಾವಾಹಿ ಬರೆದವರಿಗೂ, ಅದನ್ನು ಬರೆಸಿದ ನನ್ನಂಥವರಿಗೂ ಈ ಸಂಕಟ ಹೊಸದಲ್ಲ. ಆದ್ದರಿಂದ ತಾವು ಸೋಮಾರಿತನವೆಂದು ಕರೆದದ್ದನ್ನು ನಾನು ವಾರವಾರದ ಒತ್ತಡವೆಂದೇ ಕರೆಯುತ್ತೇನೆ. ಮುಂದಿನ ವಾರ ಏನಾಗುತ್ತದೆಂದು ತಮಗೇ ತಿಳಿಯದೆ ಬರೆಯುತ್ತಿದ್ದುದಾಗಿ ತೊರಿಯಾಮಾ ಅವರೇ ಒಪ್ಪಿಕೊಂಡಿದ್ದುಂಟು.

ಆದರೆ ಅಖಾಡ ಬಂದೊಡನೆ ಕ್ರಿಲಿನ್ ಹಿಂದೆ ಬೀಳಲಿಲ್ಲ ಎಂಬುದನ್ನು ತಮ್ಮ ಪತ್ರ ಮರೆತಿದೆ. ಆಮೆ ಗುರುವಿನ ಆಶ್ರಮದಲ್ಲಿ ಗೋಕು ಮತ್ತು ಅವನು ಜೊತೆಜೊತೆಯಾಗಿ ಕಲಿತವರು. ಬೆನ್ನಿಗೆ 20 ಕಿಲೋ ತೂಕದ ಆಮೆಚಿಪ್ಪು ಕಟ್ಟಿಕೊಂಡು ಹಾಲು ಹಂಚಿದವರು, ಬರಿಗೈಯಲ್ಲಿ ಹೊಲ ಬಗೆದವರು. ಮೊದಲ ಪಂದ್ಯದಲ್ಲಿ ಸ್ನಾನವನ್ನೇ ಕಾಣದ ಬ್ಯಾಕ್ಟೀರಿಯನ್ ಎಂಬ ದೈತ್ಯನ ದುರ್ನಾತಕ್ಕೆ ಕ್ರಿಲಿನ್ ನೆಲಕ್ಕೊರಗಿದಾಗ, ನಿನಗೆ ಮೂಗೇ ಇಲ್ಲವಲ್ಲ ಎಂದು ಗೋಕು ಹೊರಗಿನಿಂದ ಕೂಗಿ ಹೇಳುತ್ತಾನೆ, ಆ ಮಾತಿನಿಂದಲೇ ಕ್ರಿಲಿನ್ ಎದ್ದು ಗೆಲ್ಲುತ್ತಾನೆ. ತನ್ನ ಪಾತ್ರಕ್ಕೆ ಮೂಗು ಬರೆಯದೆ ಬಿಟ್ಟ ಚಿತ್ರಕಾರ ಅದನ್ನೇ ಅವನ ಗೆಲುವಿಗೆ ಕಾರಣವಾಗಿಸಿದ ಆ ತುಂಟತನವನ್ನು ಎಷ್ಟು ಸಲ ಓದಿದರೂ ನನಗೆ ನಗು ಬರುತ್ತದೆ. ಅಖಾಡದಲ್ಲಿ ಅಲ್ಲಿಯವರೆಗೂ ಬಲಕ್ಕೆ ನೂರು ಮುಖಗಳಿದ್ದವು. ಗುರುವು ಗೋಕುವನ್ನು ಸೋಲಿಸಿದ್ದು ಕಾಲು ಸ್ವಲ್ಪ ಉದ್ದವಿದ್ದುದರಿಂದ. ಮುಂದಿನ ಪಂದ್ಯದಲ್ಲಿ ಟೆನ್‌ಷಿನ್‌ಹಾನ್ ಗೆದ್ದದ್ದು, ಆಕಾಶದಿಂದ ಬೀಳುತ್ತಿದ್ದ ಗೋಕುವಿಗೆ ಒಂದು ಲಾರಿ ಅಡ್ಡ ಬಂದುದರಿಂದ.

ಇದನ್ನೆಲ್ಲ ಕೆಡಿಸಿದ್ದು ಸ್ಕೌಟರ್ ಎಂಬ ಪುಟ್ಟ ಯಂತ್ರ. ಗೋಕುವಿನ ಅಣ್ಣ ರಾಡಿಟ್ಸ್ ಅದನ್ನು ಕಣ್ಣಿಗೆ ಧರಿಸಿ ಭೂಮಿಗೆ ಇಳಿದು, ಕೋವಿ ಹಿಡಿದು ನಿಂತ ರೈತನೊಬ್ಬನನ್ನು ಅಳೆದು 5 ಎಂದು ಹೇಳಿದ ಕ್ಷಣದಿಂದ ಪ್ರತಿಯೊಬ್ಬರ ಹಣೆಯ ಮೇಲೂ ಒಂದು ಅಂಕಿ ಬಂದು ಕೂತಿತು. ಆ ಅಂಕಿಗಳನ್ನೇ ನೋಡಿ: ತೂಕದ ಬಟ್ಟೆ ಕಳಚಿದ ಗೋಕು 416, ಬುಲ್ಮಾ ಅದೇ ಯಂತ್ರವನ್ನು ರಿಪೇರಿ ಮಾಡಿ ಅಳೆದಾಗ ಟೆನ್‌ಷಿನ್‌ಹಾನ್ 250, ಕ್ರಿಲಿನ್ 206, ಯಾಮ್ಚಾ 177. ಅಂದರೆ ಆ ಹೊತ್ತಿಗೆ ಕ್ರಿಲಿನ್ ತನ್ನ ಗೆಳೆಯನ ಹೆಚ್ಚುಕಡಿಮೆ ಅರ್ಧದಷ್ಟಿದ್ದ, ಓಡಿ ಹಿಡಿಯಬಹುದಾದ ದೂರದಲ್ಲೇ ಇದ್ದ. ಒಂದು ವರ್ಷ ಕಳೆಯುವಷ್ಟರಲ್ಲಿ ಗೋಕು 8000 ದಾಟಿದ, ನಮೆಕ್ ಗ್ರಹದಲ್ಲಿ ಖಳನಾಯಕ ಫ್ರೀಜಾ ತನ್ನ ಬಲ 5,30,000 ಎಂದು ನಗುತ್ತ ಹೇಳಿದ. ಅಂಕಿ ದೊಡ್ಡದಾದದ್ದಕ್ಕೆ ನನ್ನ ಆಕ್ಷೇಪವಿಲ್ಲ. ಅಕ್ಕಿ, ಹಾಲು, ಬಟ್ಟೆ, ಚಿನ್ನ ಎಲ್ಲವನ್ನೂ ಒಂದೇ ಸೇರಿನಲ್ಲಿ ಅಳೆಯಲು ಹೊರಟರೆ ಏನಾಗುತ್ತದೋ ಅದೇ ಇಲ್ಲಿಯೂ ಆಯಿತು ಎಂಬುದು ನನ್ನ ದೂರು. ಕ್ರಿಲಿನ್‌ನ ಚಾತುರ್ಯ, ಟೆನ್‌ಷಿನ್‌ಹಾನ್‌ನ ಶಿಸ್ತು, ಗುರುವಿನ ಅನುಭವ ಇವಕ್ಕೆ ಆ ಯಂತ್ರದಲ್ಲಿ ಅಂಕಿಯೇ ಇರಲಿಲ್ಲ.

ಅದಕ್ಕಿಂತ ನೋವಿನ ಸಂಗತಿ ಇನ್ನೊಂದಿದೆ, ತಾವು ಅದನ್ನು ಮುಟ್ಟಿಯೂ ಮುಟ್ಟದಂತೆ ಬಿಟ್ಟಿದ್ದೀರಿ. ರಾಡಿಟ್ಸ್ ತಂದ ಸುದ್ದಿಯೆಂದರೆ ಗೋಕು ಮನುಷ್ಯನೇ ಅಲ್ಲ, ಬೇರೊಂದು ಗ್ರಹದ ಸೈಯನ್ ಎಂಬ ಯೋಧಕುಲದವನು ಎಂಬುದು. ಸಾವಿನ ಅಂಚಿಗೆ ಹೋಗಿ ಬಂದಷ್ಟೂ ಬಲ ಹೆಚ್ಚುವ ಗುಣ ಆ ಕುಲಕ್ಕೆ ಹುಟ್ಟಿನಿಂದಲೇ ಬಂದದ್ದು. ಮುಂದೆ ವೆಜಿಟಾನ ಎದುರು ನಿಂತಾಗ, ಕೀಳು ದರ್ಜೆಯವನೂ ಕಷ್ಟಪಟ್ಟರೆ ಮೇಲಿನವನನ್ನು ಮೀರಿಸಬಲ್ಲ ಎಂಬರ್ಥದ ಮಾತನ್ನು ಗೋಕು ಹೇಳುತ್ತಾನೆ. ಮಾತು ಚೆನ್ನಾಗಿದೆ. ಆದರೆ ಅದೇ ಚಿಪ್ಪು ಹೊತ್ತು ಅದೇ ಹಾಲು ಹಂಚಿದ ಕ್ರಿಲಿನ್ ಆ ಮಾತನ್ನು ಕೇಳಿಸಿಕೊಂಡಿದ್ದರೆ ಏನೆಂದುಕೊಳ್ಳುತ್ತಿದ್ದನೋ. ಸಾಲದ್ದಕ್ಕೆ ಸಾಧನೆಯ ಸಲಕರಣೆಗಳೂ ಸಮನಾಗಿ ಹಂಚಿಕೆಯಾಗಲಿಲ್ಲ: ನಮೆಕ್‌ಗೆ ಹೋಗುವ ದಾರಿಯಲ್ಲಿ 100 ಪಟ್ಟು ಗುರುತ್ವದ ನೌಕೆ ಸಿಕ್ಕಿದ್ದು ಗೋಕುವಿಗೆ, ಒಂದು ದಿನದೊಳಗೆ ಒಂದು ವರ್ಷ ಅಡಗಿದ್ದ ಕೋಣೆಯ ಬಾಗಿಲು ಮೊದಲು ತೆರೆದದ್ದು ಸೈಯನ್ ತಂದೆ ಮಕ್ಕಳಿಗೆ. ಸೋಮಾರಿತನವೆಂಬ ತಮ್ಮ ಮಾತನ್ನು ನಾನು ಅರ್ಧ ಒಪ್ಪುವುದು ಇಲ್ಲಿಯೇ.

ಉಳಿದರ್ಧವನ್ನು ಒಪ್ಪದಿರಲು ಕ್ರಿಲಿನ್‌ನೇ ಕಾರಣ. ತಾನು ತಂದ ಸೇರನ್ನು ತೊರಿಯಾಮಾ ತಾವೇ ನಂಬಿರಲಿಲ್ಲ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಭೂಮಿಯವರು ತಮ್ಮ ಬಲವನ್ನು ಅಡಗಿಸಿಕೊಳ್ಳಬಲ್ಲರು, ಯಂತ್ರವಿಲ್ಲದೆಯೇ ಪರರ ಬಲವನ್ನು ಗ್ರಹಿಸಬಲ್ಲರು. ಸ್ಕೌಟರ್ ನಂಬಿದವರು ಪದೇಪದೇ ಮೋಸಹೋಗುತ್ತಾರೆ. ಕ್ರಿಲಿನ್ ಬೆಳಕಿನ ತಟ್ಟೆಯೊಂದನ್ನು ತಿರುಗಿಸಿ ಎಸೆದಾಗ ವೆಜಿಟಾನ ಜೊತೆಗಾರ ನಾಪ್ಪಾ ಅದನ್ನು ಲೆಕ್ಕಕ್ಕಿಡದೆ ನಿಂತಿರುತ್ತಾನೆ, ವೆಜಿಟಾ ಕೂಗಿ ಎಚ್ಚರಿಸದಿದ್ದರೆ ಅವನ ತಲೆ ಉಳಿಯುತ್ತಿರಲಿಲ್ಲ. ಅದೇ ತಟ್ಟೆ ಮುಂದೆ ಫ್ರೀಜಾನ ಬಾಲವನ್ನು ಕತ್ತರಿಸುತ್ತದೆ. ದೈತ್ಯ ವಾನರನಾಗಿದ್ದ ವೆಜಿಟಾನ ಬಾಲ ಕತ್ತರಿಸಿದವನಾದರೋ ಯಾಜಿರೋಬೆ, ಬಂಡೆಯ ಹಿಂದೆ ಅವಿತು ಕುಳಿತಿದ್ದ ಹೊಟ್ಟೆಬಾಕ, ಕೈಯಲ್ಲೊಂದು ಸಾಮಾನ್ಯ ಕತ್ತಿ. ಹರಿತಕ್ಕೆ ಅಂಕಿ ಎಲ್ಲಿದೆ?

ಆದರೆ ಇವೆಲ್ಲ ಯುದ್ಧದ ಉಪಾಯಗಳು. ಕ್ರಿಲಿನ್ ಕತೆಯ ದಿಕ್ಕನ್ನೇ ಬದಲಿಸಿದ್ದು ಹೊಡೆತದಿಂದಲ್ಲ, ಹೊಡೆಯದೆ ಇದ್ದುದರಿಂದ. ಮೊದಲ ಸಲ, ಸೋತು ತೆವಳುತ್ತಿದ್ದ ವೆಜಿಟಾನ ಎದೆಯ ಮೇಲೆ ಯಾಜಿರೋಬೆಯ ಕತ್ತಿ ಎತ್ತಿ ನಿಂತವನು ಕ್ರಿಲಿನ್. ಗೆಳೆಯರನ್ನು ಕೊಲ್ಲಿಸಿದ ಶತ್ರು ಕಾಲಡಿಯಲ್ಲಿದ್ದಾನೆ. ಅವನನ್ನು ಬಿಟ್ಟುಬಿಡೆಂದು ನೆಲಕ್ಕೆ ಬಿದ್ದ ಗೋಕು ಬೇಡುತ್ತಾನೆ. ಕ್ರಿಲಿನ್ ಒಲ್ಲದ ಮನಸ್ಸಿನಿಂದ ಕತ್ತಿ ಇಳಿಸುತ್ತಾನೆ. ಗೋಕುವಿನ ನಂತರ ಅತಿ ಹೆಚ್ಚು ಅಭಿಮಾನಿಗಳಿರುವ ವೆಜಿಟಾ ಇಂದಿಗೂ ಬದುಕಿರುವುದು ಆ ಇಳಿದ ಕತ್ತಿಯಿಂದ. ಎರಡನೆಯ ಸಲ, ಯಂತ್ರಮಾನವಿ 18ನೆಯವಳನ್ನು ನಿಶ್ಚಲಗೊಳಿಸುವ ರಿಮೋಟನ್ನು ಬುಲ್ಮಾ ತಯಾರಿಸಿ ಕೊಟ್ಟಿರುತ್ತಾಳೆ. ಸೆಲ್ ಎಂಬ ರಾಕ್ಷಸ ಅವಳನ್ನು ನುಂಗಿದರೆ ಪರಿಪೂರ್ಣನಾಗುತ್ತಾನೆ. ಗುಂಡಿ ಒತ್ತಿ ಅವಳನ್ನು ನಾಶಮಾಡಿದರೆ ಲೋಕ ಉಳಿಯುತ್ತದೆ. ಗುಂಡಿಯ ಮೇಲೆ ಬೆರಳಿಟ್ಟು ನಿಂತ ಕ್ರಿಲಿನ್‌ನಿಂದ ಅದು ಆಗುವುದಿಲ್ಲ. ರಿಮೋಟನ್ನು ನೆಲಕ್ಕೆಸೆದು ತುಳಿದು ಪುಡಿಮಾಡಿ, ಓಡಿಹೋಗು ಎಂದು ಅವಳಿಗೆ ಹೇಳುತ್ತಾನೆ. ಪರಿಣಾಮ ಘೋರವಾಗುತ್ತದೆ: ಸೆಲ್ ಅವಳನ್ನು ನುಂಗುತ್ತಾನೆ, ಆ ಹೋರಾಟದಲ್ಲಿ ಗೋಕುವೇ ಸಾಯುತ್ತಾನೆ. ಅದೇ ಹೊತ್ತಿನಲ್ಲಿ ವೆಜಿಟಾನೂ ಸೆಲ್‌ಗೆ ಪರಿಪೂರ್ಣನಾಗಲು ಬಿಟ್ಟ, ಆದರೆ ಅದು ತನ್ನ ಬಲದ ಮದದಿಂದ. ಕ್ರಿಲಿನ್ ಬಿಟ್ಟದ್ದು ಅವಳನ್ನೂ ಒಬ್ಬ ವ್ಯಕ್ತಿಯಾಗಿ ಕಂಡದ್ದರಿಂದ. ತಪ್ಪು ಇಬ್ಬರದೂ ಒಂದೇ, ತೂಕ ಮಾತ್ರ ಬೇರೆ. ಎಲ್ಲ ಮುಗಿದ ಮೇಲೆ ಡ್ರ್ಯಾಗನ್ ವರ ಕೇಳೆಂದಾಗ ಅವನು ಅವಳನ್ನೂ ಅವಳ ಸೋದರನನ್ನೂ ಮನುಷ್ಯರನ್ನಾಗಿಸು ಎನ್ನುತ್ತಾನೆ. ಅದು ತನ್ನಿಂದಾಗದು ಎಂದಾಗ, ಅವರ ಮೈಯೊಳಗಿನ ಬಾಂಬನ್ನಾದರೂ ತೆಗೆದುಬಿಡು ಎನ್ನುತ್ತಾನೆ. ಮುಂದೆ ಕ್ರಿಲಿನ್ ಮತ್ತು 18ನೆಯವಳ ಮದುವೆಯಾಗಿ ಮಾರನ್ ಎಂಬ ಮಗಳು ಹುಟ್ಟುತ್ತಾಳೆ. ಚಪ್ಪಾಳೆ ತಟ್ಟುವವನ ಬದುಕು ಇಂಥದ್ದೇ?

ಟೆನ್‌ಷಿನ್‌ಹಾನ್‌ನಿಗೂ ಒಂದು ದೊಡ್ಡ ಗಳಿಗೆ ಸಿಕ್ಕಿತು. ಎಷ್ಟು ಹೊಡೆದರೂ ತನ್ನಿಂದ ಸೆಲ್‌ಗೆ ಗೀರೂ ಬೀಳದೆಂದು ಗೊತ್ತಿದ್ದೂ ಅವನನ್ನು ಮತ್ತೆ ಮತ್ತೆ ನೆಲದೊಳಕ್ಕೆ ತಳ್ಳುತ್ತ, ತನ್ನ ಪ್ರಾಣ ಸೋರಿ ಹೋಗುವವರೆಗೂ ತಡೆದು ನಿಂತು, 16 ಮತ್ತು 18ನೆಯ ಯಂತ್ರಮಾನವರು ತಪ್ಪಿಸಿಕೊಳ್ಳುವಷ್ಟು ಹೊತ್ತನ್ನು ಅವನು ಸಂಪಾದಿಸಿಕೊಟ್ಟ. ಅವನಿಗೆ ಗೆಲುವು ಬೇಕಿರಲಿಲ್ಲ, ಕೆಲವು ನಿಮಿಷ ಸಾಕಾಗಿತ್ತು. ಕತೆಯ ಕೊನೆಗೆ ಬಂದರೆ, ಬೂ ಎಂಬ ರಾಕ್ಷಸನನ್ನು ಮುಗಿಸಲು ಭೂಮಿಯವರೆಲ್ಲ ಕೈಯೆತ್ತಿ ತಮ್ಮ ಚೈತನ್ಯ ಕೊಡಬೇಕಾಗುತ್ತದೆ. ವೆಜಿಟಾ, ಗೋಕು ಕೇಳಿದರೆ ಜನ ನಂಬುವುದಿಲ್ಲ. ಕೊಚ್ಚಿಕೊಳ್ಳುವುದರಲ್ಲಿ ನಿಸ್ಸೀಮನಾದ, ಅಸಲು ಬಲವೇ ಇಲ್ಲದ ಮಿಸ್ಟರ್ ಸೇಟನ್ ಕೇಳಿದಾಗ ಲೋಕವೆಲ್ಲ ಕೈಯೆತ್ತುತ್ತದೆ. ಫ್ರೀಜಾನ ಪ್ರಕರಣ ಮುಗಿದ ಮೇಲೆ ಸ್ಕೌಟರ್ ಬಹುಮಟ್ಟಿಗೆ ಮರೆಯಾದದ್ದನ್ನೂ ಇದರ ಜೊತೆಗಿಟ್ಟು ನೋಡಿ.

ಇಷ್ಟಾದರೂ ಇವು ಅಲ್ಲೊಂದು ಇಲ್ಲೊಂದು ಕಿಟಕಿಗಳು, ಮನೆಯ ಕಟ್ಟಡವೇ ಹಾಗಿರಲಿಲ್ಲ. 1997ರಲ್ಲಿ ಅದೇ ‘ಜಂಪ್’ನಲ್ಲಿ ಆರಂಭವಾದ ‘ಒನ್ ಪೀಸ್’ ಮತ್ತೆ ಯಾತ್ರೆಗೇ ಮರಳಿ ಎಲ್ಲರನ್ನೂ ಹಡಗು ಹತ್ತಿಸಿತು. ಹಡಗಿಗೆ ದಿಕ್ಕು ನೋಡುವವಳು, ಅಡುಗೆಯವನು, ವೈದ್ಯ ಎಲ್ಲರೂ ಬೇಕು, ನಾಯಕನ ಮುಷ್ಟಿ ಎಷ್ಟೇ ಬಲಿತರೂ ಹಸಿವಾದಾಗ ಅನ್ನ ಬೇಯಿಸುವವನು ಬೇರೆಯವನೇ. ಎದುರಾಳಿಯ ಆತ್ಮವಿಶ್ವಾಸವನ್ನೇ ಹೀರುವ ಪೆರೋನಾಳ ಭೂತಗಳು ಘಟಾನುಘಟಿಗಳನ್ನು ಮಂಡಿಯೂರಿಸಿದಾಗ, ಹುಟ್ಟು ಅಳುಕಿನವನಾದ ಉಸೋಪ್‌ನಿಗೆ ಮಾತ್ರ ಏನೂ ಆಗುವುದಿಲ್ಲ, ಏಕೆಂದರೆ ಅವನಲ್ಲಿ ಹೀರಲು ಆತ್ಮವಿಶ್ವಾಸವೇ ಇಲ್ಲ. ಕ್ರಿಲಿನ್‌ನ ಇಲ್ಲದ ಮೂಗಿನ ನೆನಪಾಗುತ್ತದೆ.

ಇನ್ನು ತಮ್ಮ ಯಾಮ್ಚಾ. ಅವನ ವಿಷಯದಲ್ಲಿ ಕತೆಗಾರರ ಪರವಾಗಿ ವಾದಿಸಲು ನನ್ನ ಬಳಿ ಏನೂ ಇಲ್ಲ. ಮೂರು ಪಂದ್ಯಗಳಲ್ಲಿ ಮೂರು ಸಲವೂ ಮುಖ್ಯ ಸುತ್ತಿನ ಮೊದಲ ಕುಸ್ತಿಯಲ್ಲೇ ಸೋತ, ಒಮ್ಮೆ ಕಾಲು ಮುರಿಸಿಕೊಂಡ; ಆಮೇಲೆ ಸೈಬಾಮನ್ ಎಂಬ ಹಸಿರು ಕುಬ್ಜನೊಂದು ಅವನನ್ನು ತಬ್ಬಿ ಸಿಡಿದಾಗ ಗುಂಡಿಯಲ್ಲಿ ಮುದುಡಿ ಸತ್ತ. ಆ ಮುದುಡಿದ ಭಂಗಿ ಜಗತ್ತಿನ ಅಭಿಮಾನಿಗಳ ನಗೆಚಾಟಿಕೆಯ ಗುರುತಾಗಿ ಉಳಿಯಿತು. ಕ್ರಿಲಿನ್‌ನಿಗೆ ಸಿಕ್ಕ ರಿಮೋಟಿನಂಥ ಒಂದು ಗಳಿಗೆ ಮೂಲ ಕತೆಯಲ್ಲಿ ಅವನಿಗೆ ಕೊನೆಯವರೆಗೂ ಬರಲಿಲ್ಲ.

ಆದರೆ ತಾವು ಮುಂದುವರಿದ ಟಿವಿ ಸರಣಿಯಾದ ‘ಡ್ರ್ಯಾಗನ್ ಬಾಲ್ ಸೂಪರ್’ ಅನ್ನು ನೋಡಿಲ್ಲವೆಂದು ಪತ್ರದಲ್ಲಿ ಬರೆದಿರುವುದರಿಂದ ಒಂದು ಸಂಗತಿ ತಿಳಿಸುತ್ತೇನೆ. 2016ರ ಕೊನೆಯಲ್ಲಿ ಪ್ರಸಾರವಾದ ಅದರ 70ನೆಯ ಕಂತಿನಲ್ಲಿ ಎರಡು ವಿಶ್ವಗಳ ನಡುವೆ ಬೇಸ್‌ಬಾಲ್ ಪಂದ್ಯ ನಡೆಯುತ್ತದೆ. ಗೋಕು, ವೆಜಿಟಾರಿಗೆ ಆಟದ ನಿಯಮವೇ ತಿಳಿಯದು. ಬೇಸ್‌ಬಾಲ್ ಆಡಿಯೇ ಹೊಟ್ಟೆ ಹೊರೆಯುತ್ತಿರುವವನು ಅವರ ಪೈಕಿ ಯಾಮ್ಚಾ ಒಬ್ಬನೇ. ವಿನಾಶದ ದೇವತೆಗಳಿಬ್ಬರು ಜಗಳಕ್ಕೆ ಬಿದ್ದು ಮೈದಾನವೆಲ್ಲ ಧೂಳೆದ್ದಾಗ, ಯಾರ ಗಮನಕ್ಕೂ ಬಾರದೆ ಅವನು ಓಡಿಬಂದು ಮನೆಗಟ್ಟೆಯನ್ನು (ಹೋಮ್ ಪ್ಲೇಟ್) ಮುಟ್ಟಿ ರನ್ ಗಳಿಸುತ್ತಾನೆ. ಧೂಳು ಇಳಿದಾಗ ಅವನು ಬಿದ್ದಿರುವುದು ಅದೇ ಹಳೆಯ, ಗುಂಡಿಯಲ್ಲಿ ಮುದುಡಿದ ಭಂಗಿಯಲ್ಲಿ, ಕೈ ಮಾತ್ರ ಗಟ್ಟೆಯ ಮೇಲೆ. ಪಂದ್ಯದ ಶ್ರೇಷ್ಠ ಆಟಗಾರನೆಂಬ ಮನ್ನಣೆ ಅವನಿಗೇ ಸಿಗುತ್ತದೆ.

ಕತ್ತರಿಸಿದ ಪ್ಯಾರಾವನ್ನು ಹುಡುಕಿ ತೆಗೆದಿದ್ದೇನೆ, ಮುಂದಿನ ಸಂಚಿಕೆಯಲ್ಲಿ ತಮ್ಮ ಪತ್ರದ ಆಯ್ದ ಭಾಗದೊಂದಿಗೆ ಅಚ್ಚಾಗುತ್ತದೆ.

ವಂದನೆಗಳೊಂದಿಗೆ,
ಸಂಪಾದಕ